ಮೊಣಕಾಲ ಕೆಳಗಿನ ಆಟ

ದೇವಣಗಾಂವದ ಮಾನಪ್ಪ ಕನ್ನೊಳ್ಳಿಯ ಸಾಲೆಯಲ್ಲಿ ಮಾಸ್ತರನಾಗಿದ್ದ. ಹೊಟ್ಟೆಪಾಡಿಗೆ ಮಾಸ್ತರಿಕೆ, ಜೀವವೆಲ್ಲ ಫುಟ್‌ಬಾಲಿನಲ್ಲಿ. ಊರವರು ಮುಟ್ಟಿಸಿಕೊಳ್ಳದ ಕೇರಿಯಲ್ಲಿ ಹುಟ್ಟಿದವನು ಸೊಲ್ಲಾಪುರದ ಗಿರಣಿಯಲ್ಲಿದ್ದ ಸೋದರಮಾವನ ಮನೆಯಲ್ಲಿ ಉಳಿದು ಓದಿದ. ಓದಿಗಿಂತ ಚೆನ್ನಾಗಿ ಕಲಿತದ್ದು ಚಾಳದ ಹುಡುಗರ ಜೊತೆ ಚೆಂಡು ಒದೆಯುವುದನ್ನು. ಸಂಜೆ ಸಾಲೆ ಬಿಟ್ಟದ್ದೇ ತಡ, ಸೈಕಲ್ ಹತ್ತಿ ಸಿಂದಗಿಯ ಮೈದಾನಕ್ಕೆ ಬಂದುಬಿಡುತ್ತಿದ್ದ. ಸಿಂದಗಿ ಸಂಘದಲ್ಲಿ ಅವನದು ರೈಟ್ ಔಟ್, ಅಂದರೆ ಮುಂದಿನ ಸಾಲಿನ ಬಲ ಅಂಚು.

ಆ ಅಂಚಿನಿಂದ ಅವನು ಎತ್ತಿ ಹೊಡೆದ ಚೆಂಡು ಎಲ್ಲರ ತಲೆ ದಾಟಿ ಗೋಲಿನ ಮುಂದೆ ಮೆತ್ತಗೆ ಇಳಿಯುತ್ತಿತ್ತು. ಅಲ್ಲಿ ನಿಂತಿರುತ್ತಿದ್ದವನು ಸೆಂಟರ್ ಫಾರ್ವರ್ಡ್ ಗುರಪ್ಪ, ಅಡತಿ ಅಂಗಡಿ ಶಂಕರೆಪ್ಪನ ಮಗ. ಆಳು ನೋಡಿದರೆ ಬಾಗಿಲು ತಲೆಗೆ ಬಡಿಯುವಷ್ಟು ಎತ್ತರ. ಅಂಥ ಚೆಂಡಿಗೆ ಎದೆ ಕೊಟ್ಟು ಕೆಳಗಿಳಿಸಿಕೊಂಡು ಒಂದು ಒದ್ದರೆ ಗೋಲು. ಆದರೆ ಈ ಪುಣ್ಯಾತ್ಮ ಎಡಗೈ ಎದೆಯ ಮೇಲಿಟ್ಟುಕೊಂಡು, ಹಿರಿಯರಿಗೆ ದಾರಿ ಬಿಡುವವನ ಹಾಗೆ ಪಕ್ಕಕ್ಕೆ ಸರಿದುಬಿಡುತ್ತಿದ್ದ. ಚೆಂಡು ತನ್ನ ಪಾಡಿಗೆ ತಾನು ಜಾಲಿಗಿಡದ ಕಡೆ ಹೋಗುತ್ತಿತ್ತು.

ಸಂಘಕ್ಕೆ ಆಟ ಕಲಿಸುತ್ತಿದ್ದವನು ಸೈಕಲ್ ಅಂಗಡಿಯ ಶಮಶುದ್ದೀನ. ಬಾಯಿ ಜೋರು, ಮನಸ್ಸು ಸಾಫು. "ನಮ್ಮ ಆಟ ಎಲ್ಲಾ ಮೊಣಕಾಲ ಕೆಳಗ ಐತ್ರೋ," ಎಂದು ಬೈಯುತ್ತಿದ್ದ. "ನೆಲಾ ಹಿಡದು ಪಾಸ್ ಕೊಡಾಕ ನಿಮ್ಮಂಥವರು ನಾಕ ತಾಲೂಕಿನಾಗ ಇಲ್ಲ. ಖರೆ, ಈ ಎರಿ ನೆಲದಾಗಿನ ಬಿರುಕಿನ್ಯಾಗ ಚೆಂಡು ಸಿಕ್ಕೊಂತು ಅಂದ್ರ ನಿಮ್ಮ ಆಟಾನೂ ಅಲ್ಲೇ ಸಿಕ್ಕೋತೈತಿ. ಚೆಂಡು ಗಾಳ್ಯಾಗ ಬಂದ್ರ ಹೆದರಿ ಓಡ್ತೀರಿ. ಗುರಪ್ಪಗ ಎದಿ ಬ್ಯಾನಿ ಐತೋ ಏನೋ, ಡಾಕ್ಟರಿಗೆ ತೋರಸ್ಬೇಕು!" ಗುರಪ್ಪ ತಲೆ ಕೆಳಗೆ ಹಾಕಿ ನಗುತ್ತಿದ್ದನೇ ಹೊರತು ತುಟಿ ಬಿಚ್ಚುತ್ತಿರಲಿಲ್ಲ.

ಮಾನಪ್ಪನಿಗೆ ನಗು ಬರುತ್ತಿರಲಿಲ್ಲ. ಅವನು ತನ್ನಷ್ಟಕ್ಕೆ ತಾನು ಒಂದು ಲೆಕ್ಕ ಹಾಕಿಕೊಂಡಿದ್ದ. ಕಾಲಿನಿಂದ ಕಾಲಿಗೆ ಹೋದ ಚೆಂಡು ನಡೆಯುತ್ತದೆ, ಕಾಲು ತೊಳೆದುಕೊಂಡರೆ ಮುಗಿಯಿತು. ನಾನು ಒದ್ದ ಚೆಂಡು ಎದೆಗೂ ತಲೆಗೂ ತಾಗಿದರೆ? ಅದು ನಡೆಯುವುದಿಲ್ಲ. ಹುಟ್ಟಿದಾಗಿನಿಂದ ಕಂಡುಂಡ ಮನುಷ್ಯನಿಗೆ ಇದಕ್ಕೆ ಸಾಕ್ಷಿ ಬೇಕಿರಲಿಲ್ಲ. ಗುರಪ್ಪನನ್ನು ಅವನು ಗೆಳೆಯ ಎಂದುಕೊಂಡಿದ್ದ, ಅದಕ್ಕೇ ಅದು ಮುಳ್ಳು ಮುರಿದಂತೆ ಒಳಗೇ ಕೂತಿತ್ತು.

ಎಪ್ಪತ್ತೈದರ ಬೇಸಿಗೆಗೆ ಮುಂಚೆ ನಾಲ್ಕು ತಾಲೂಕಿನ ಪಂದ್ಯಗಳು ಶುರುವಾದವು. ಮೊದಲನೆಯ ಪಂದ್ಯ ಮುದ್ದೇಬಿಹಾಳದ ಮೇಲೆ. ಸಿಂದಗಿಯವರು ಇಡೀ ಹೊತ್ತು ಅವರ ಗೋಲಿನ ಮುಂದೆಯೇ ಇದ್ದರೂ ಒಂದು ಗೋಲೂ ಹುಟ್ಟಲಿಲ್ಲ. ಅಂದಿನಿಂದ ಮಾನಪ್ಪ ಚೆಂಡು ಎತ್ತುವುದನ್ನೇ ಬಿಟ್ಟ. ಬೇಡವೆಂದವರಿಗೆ ಯಾಕೆ ಬಡಿಸಬೇಕು? ಇಂಡಿಯ ಮೇಲೆ ಆಡುವಾಗ ಅಂಚು ಬಿಟ್ಟು ತಾನೂ ನಡುವೆಯೇ ನುಗ್ಗಿದ. ಆಗಲೇ ಇಕ್ಕಟ್ಟಾಗಿದ್ದ ನಡುವಿನ ಜಾಗ ಸಂತೆಯ ದಿನದ ಬಸ್ಸಿನಂತಾಯಿತು. ಇಂಡಿಯವರು ಗೋಲಿನ ಮುಂದೆ ಗುಂಪಾಗಿ ನಿಂತರು, ಬಂದದ್ದನ್ನೆಲ್ಲ ಒದ್ದು ಹೊರಗೆ ಹಾಕಿದರು, ಗೆದ್ದೂ ಹೋದರು.

ಆಟ ಮುಗಿದದ್ದೇ ಶಮಶುದ್ದೀನ ಉರಿದುಬಿದ್ದ. "ಮಾಸ್ತರ, ನೀ ಯಾಕ ಅಂಚ ಬಿಟ್ಟಿ? ಇದ್ದದ್ದೊಂದು ದಾರಿ ಅದು. ಅದನ್ನೂ ಮುಚ್ಚಿದೇನು?"

"ಎತ್ತಿ ಹೊಡದು ಯಾರಿಗೆ ಕೊಡ್ಲಿ?" ಎಂದ ಮಾನಪ್ಪ. ಗುರಪ್ಪನ ಕಡೆ ತಿರುಗಿದ. "ಇವತ್ತು ಕೇಳೇ ಬಿಡ್ತೇನಿ. ನನ್ನ ಕಾಲಾಗಿಂದ ಬಂದ ಚೆಂಡು ನಿನ್ನ ಎದಿಗೆ ತಾಗಬಾರ್ದೇನು? ಹೌದಂದ್ರ ಹೌದನ್ನು. ನಾಳಿಂದ ನಾ ಬರೂದಿಲ್ಲ."

ಗುರಪ್ಪನ ಮುಖ ಕಪ್ಪಿಟ್ಟಿತು. ಅಂಗಿಯ ಗುಂಡಿ ಬಿಚ್ಚಿ, ಕೊರಳಿನ ದಾರದಲ್ಲಿ ತೂಗುತ್ತಿದ್ದ ಬೆಳ್ಳಿಯ ಕರಡಗಿ ತೋರಿಸಿದ. ಅದರೊಳಗೆ ಇಷ್ಟಲಿಂಗ.

"ಇದಕ್ಕೋ ಮಾಸ್ತರ. ತೊಗಲಿನ ಚೆಂಡು. ಲಿಂಗಕ್ಕ ಬಡೀಬಾರ್ದಂತ ಅವ್ವ ಆಣಿ ಹಾಕ್ಯಾಳ. ನೀ ಹೊಡದ್ರೂ ಅಷ್ಟ, ನಮ್ಮಪ್ಪ ಹೊಡದ್ರೂ ಅಷ್ಟ, ನಾ ಎದಿ ಕೊಡಾಂವಲ್ಲ."

ಸುತ್ತ ನಿಂತಿದ್ದ ಲಿಂಗವಂತರ ಹುಡುಗರೆಲ್ಲ ಹೌದೆಂದು ತಲೆಯಾಡಿಸಿದರು. ಅವರವರಲ್ಲಿ ಇದು ಗೊತ್ತಿದ್ದ ಮಾತು. ಎಲ್ಲರಿಗೂ ಗೊತ್ತೇ ಇರುತ್ತದೆ, ಹೇಳುವುದೇನಿದೆ ಎಂದು ಒಬ್ಬನೂ ಬಾಯಿ ಬಿಟ್ಟಿರಲಿಲ್ಲ. ಶಮಶುದ್ದೀನ ಹಣೆ ಬಡಿದುಕೊಂಡ. "ಯಾ ಅಲ್ಲಾ! ಎದಿ ಬ್ಯಾನಿ ಅಂತ ತಿಳದು ಇಷ್ಟ ವರ್ಷ ನಿನ್ನ ಓಡ್ಸಾಕ ಅಂಜಿದ್ನೆಲ್ಲೋ!"

ಮಾನಪ್ಪ ಸೈಕಲ್ ಹತ್ತಿದ. ಎದೆ ಹಗುರಾಗಿತ್ತು, ನಾಚಿಕೆಯೂ ಆಗಿತ್ತು. ದಾರಿಯುದ್ದಕ್ಕೂ ಒಬ್ಬನೇ ನಗುತ್ತ ಹೋದ.

ಮರುದಿನ ಗುರಪ್ಪ ಮೈದಾನಕ್ಕೆ ಬಂದವನೇ ಎಡತೋಳು ಮುಂದೆ ಮಾಡಿದ. ಅವನ ಅವ್ವ ಸಿದ್ದಲಿಂಗವ್ವ ಲಿಂಗವನ್ನು ಮಡಿ ಅರಿವೆಯಲ್ಲಿ ಸುತ್ತಿ ರಟ್ಟೆಗೆ ಬಿಗಿಯಾಗಿ ಕಟ್ಟಿದ್ದಳು. "ಮೈಮ್ಯಾಲ ಇದ್ರ ಆತು, ಎದಿ ಮ್ಯಾಲ ಆಗ್ಬೇಕಂತ ಯಾರ ಹೇಳ್ಯಾರ? ಮೊದಲ ಕೇಳಬಾರ್ದಾಗಿತ್ತೇನೋ ಮಬ್ಬ ಅಂತ ಅವ್ವ ಬೈದಳ್ರಿ," ಎಂದ. ಉಳಿದವರೂ ತಮ್ಮ ತಮ್ಮ ಅವ್ವಂದಿರ ಕಡೆ ಓಡಿದರು. ಎದೆ ಕೊಡುವುದನ್ನು ದೊಡ್ಡ ಗಂಡಸರು ಕೂಸುಗಳಂತೆ ಹೊಸದಾಗಿ ಕಲಿಯಬೇಕಾಯಿತು. ಮಾನಪ್ಪ ಎತ್ತಿ ಹೊಡೆಯುವುದು, ಗುರಪ್ಪ ಕಣ್ಣು ಮುಚ್ಚಿಕೊಳ್ಳುವುದು, ಶಮಶುದ್ದೀನ ಬೈಯುವುದು. ಕಣ್ಣು ತೆರೆದು ಎದೆ ಕೊಡುವಷ್ಟರಲ್ಲಿ ಬಾಗೇವಾಡಿಯ ಪಂದ್ಯ ಬಂದೇಬಿಟ್ಟಿತು.

ಅದು ಬಸವನ ಬಾಗೇವಾಡಿಯಲ್ಲೇ ನಡೆಯಿತು. ಅಲ್ಲಿಯವರು ಸಿಂದಗಿಯವರ ಹಳೆಯ ಆಟ ಬಲ್ಲವರು, ನಡುವೆ ಗೋಡೆ ಕಟ್ಟಿದಂತೆ ನಿಂತರು. ಮಾನಪ್ಪ ಅಂಚು ಹಿಡಿದು ಓಡಿ ಚೆಂಡನ್ನು ಎತ್ತಿದ. ಗುರಪ್ಪ ಸರಿಯಲಿಲ್ಲ. ಎರಡೂ ಕೈ ಅಗಲಿಸಿ ಎದೆ ಕೊಟ್ಟ, ಚೆಂಡು ಕಾಲ ಬಳಿ ಬಿತ್ತು, ಒದ್ದ. ಬಾಗೇವಾಡಿಯ ಗೋಲ್‌ಕೀಪರ ನಿಂತಲ್ಲೇ ನಿಂತಿದ್ದ. ಆ ಒಂದೇ ಗೋಲಿನಲ್ಲಿ ಪಂದ್ಯ ಗೆದ್ದರು. ಗುರಪ್ಪ ಓಡಿ ಬಂದು ಮಾನಪ್ಪನನ್ನು ಎತ್ತಿಕೊಂಡೇ ಕುಣಿದ.

ಊಟ ಅದೇ ಊರಿನಲ್ಲಿದ್ದ ಗುರಪ್ಪನ ಸೋದರಮಾವ ಶ್ರೀಶೈಲಪ್ಪನ ಮನೆಯಲ್ಲಿ. ಶಮಶುದ್ದೀನ ತನ್ನ ಬೀಗರ ಮನೆಗೆ ಹೋಗಿದ್ದ. ಹುಡುಗರೆಲ್ಲ ಕಾಲು ತೊಳೆದು ಗದ್ದಲ ಮಾಡುತ್ತ ಒಳಗೆ ಹೋದರು. ಶ್ರೀಶೈಲಪ್ಪ ಬಾಗಿಲಲ್ಲಿ ನಿಂತು, "ಮಾಸ್ತರ, ನೀವು ಇಲ್ಲೇ ಕಟ್ಟಿ ಮ್ಯಾಲ ಕುಂದರ್ರಿ, ಗಾಳಿ ಚಲೋ ಐತಿ," ಎಂದ. ಮಾನಪ್ಪ ಕೂತ. ತಾಟು ಹೊರಗೆ ಬಂತು. ಬಡಿಸಿದ್ದರಲ್ಲಿ ಯಾವ ಕೊರತೆಯೂ ಇರಲಿಲ್ಲ, ಹೋಳಿಗೆಯ ಮೇಲೆ ತುಪ್ಪ ಹರಿಯುತ್ತಿತ್ತು. ಒಳಗಿನಿಂದ ಗುರಪ್ಪ ತನ್ನ ಗೋಲಿನ ಕಥೆ ಹೇಳುವುದೂ ಎಲ್ಲರೂ ನಗುವುದೂ ಕೇಳುತ್ತಿತ್ತು.

ಮುಂಚಿನ ಮಾನಪ್ಪನಾಗಿದ್ದರೆ ಉಂಡು, ತಾಟು ತೊಳೆದಿಟ್ಟು, ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ಹೋಗುತ್ತಿದ್ದ. ಆದರೆ ಕೇಳಿದರೆ ಉತ್ತರ ಬರುತ್ತದೆ ಎಂಬ ರುಚಿ ಹತ್ತಿತ್ತು. ಮೈದಾನದಲ್ಲಿ ಕರೆಯುವ ದನಿಯಲ್ಲೇ ಕೂಗಿದ. "ಗುರಪ್ಪಾ, ಹೊರಗ ಬಾ."

ಗುರಪ್ಪ ಬಂದ. ಕಟ್ಟೆ ನೋಡಿದ, ತಾಟು ನೋಡಿದ. ಒಳಗೆ ಹೋಗಿ ತನ್ನ ತಾಟನ್ನೂ ತಂದು ಮಾನಪ್ಪನ ಪಕ್ಕದಲ್ಲಿ ಕೂತ. ಇಷ್ಟು ಮಾಡಿದರೆ ಸಾಕೆಂದು ಅವನ ಮುಖ ಹೇಳುತ್ತಿತ್ತು.

"ನೀ ಹೊರಗ ಬಂದು ಕುಂತ್ರ ಏನ್ ಆತೋ?" ಎಂದ ಮಾನಪ್ಪ. "ನನ್ನ ಯಾಕ ಒಳಗ ಕರೀಲಿಲ್ಲ ಅಂತ ಕೇಳಾಕತ್ತೇನಿ."

ಗುರಪ್ಪ ಹಿಡಿದ ತುತ್ತನ್ನು ತಾಟಿನಲ್ಲೇ ಬಿಟ್ಟ. ಎದ್ದು ಒಳಗೆ ನಡೆದ. ನಗು ನಿಂತಿತು. ಸೋದರಮಾವನ ದನಿ ಏರಿತು, ಅದಕ್ಕಿಂತ ಮೇಲೆ ಗುರಪ್ಪನ ದನಿ ಏರಿತು. ಮಾನಪ್ಪ ಮುಂದಿನ ತುತ್ತು ಎತ್ತಲಿಲ್ಲ. ಬಾಗಿಲ ಕಡೆ ಮುಖ ಮಾಡಿ ಕೂತ.