ಮೇಸ್ತ್ರಿ ಸಮ ಮಾಡಿದ ಡುಪ್ಲೆಕ್ಸರ್

ಬಾಬಾಬುಡನ್‌ಗಿರಿ ಕಡೆಯ ಹ್ಯಾಮ್ ರೇಡಿಯೋ ರಿಪೀಟರನ್ನು, ಅಂದರೆ ದೂರದ ದನಿ ಹಿಡಿದು ಮುಂದಕ್ಕೆ ದಾಟಿಸುವ ಯಂತ್ರವನ್ನು, ಕಟ್ಟಿದವನು ನಾನೊಬ್ಬನೇ. ಸುಳ್ಳು ಮಾರಾಯ್ರೇ, ನಾನು ಏಣಿ ಹಿಡಿದಿದ್ದೆ. ಒಂದೇ ಆಂಟೆನಾದಲ್ಲಿ ಕೇಳುತ್ತಲೇ ಮಾತಾಡಲು ಅದಕ್ಕೆ ಡುಪ್ಲೆಕ್ಸರ್ ಬೇಕು. ಅದು ಡಬ್ಬಿಗಳ ಸಾಲು. ಪ್ರತಿ ಡಬ್ಬಿಯ ಕಡ್ಡಿಗೂ ಅದರದೇ ಎತ್ತರ; ಅದು ತಪ್ಪಿದರೆ ರಿಪೀಟರಿಗೆ ತನ್ನ ದನಿ ಬಿಟ್ಟು ಬೇರೇನೂ ಕೇಳಿಸದು.

ಆ ಮಳೆಗಾಲ ಫೋನ್ ಸತ್ತಿತ್ತು. ಎಸ್ಟೇಟ್ ಸಾಹುಕಾರರ ಮಗಳು ಕಳಸಕ್ಕೆ ಹೆರಿಗೆಗೆ ಹೋಗಿದ್ದಳು, ಸುದ್ದಿ ರೇಡಿಯೋದಲ್ಲೇ ಬರಬೇಕು. ರಿಪೀಟರೋ, ತನ್ನ ಬೊಬ್ಬೆಯಲ್ಲೇ ಮುಳುಗಿ ಕಳಸಕ್ಕೆ ಕಿವುಡಾಗಿತ್ತು. ಹೋಗಿ ನೋಡಿದರೆ ಕಡ್ಡಿಗಳೆಲ್ಲ ಒಂದೇ ಎತ್ತರ!

“ಯಾರ ಕೆಲಸ ಇದು?”

“ನಂದೇ,” ಎಂದರು ಎಸ್ಟೇಟಿನ ಆಳುಗಳ ಮೇಸ್ತ್ರಿ. “ಕಾಫಿ ಗಿಡ ಹೀಗೆ ಎತ್ತರ ತಗ್ಗು ಇದ್ರೆ ಬಿಡ್ತೀವಾ? ತಳ್ಳಿ ಸಮ ಮಾಡ್ದೆ.”

ಒಂದೊಂದೇ ಕಡ್ಡಿ ಎತ್ತಿ ಇಳಿಸಿ ಸರಿಮಾಡಿದೆ. ಕೊನೆಗೂ ಕಳಸದ ದನಿ ಬಂತು: “ಅವಳಿ ಮಕ್ಕಳು, ಎಲ್ಲರೂ ಕ್ಷೇಮ!”

ಮೇಸ್ತ್ರಿ ಮೆಲ್ಲಗೆ ಕೇಳಿದರು: “ಎರಡೂ ಒಂದೇ ಎತ್ತರವಾ?”

ಇದನ್ನು ನಂಬದಿದ್ದರೂ ಪರವಾಗಿಲ್ಲ, ಟೀ ದುಡ್ಡು ಮಾತ್ರ ನೀವೇ ಕೊಡಿ.