ಅಕ್ಕನ ಬಟ್ಟೆ ಪಾಠ

ನನ್ನ ಅಕ್ಕ ಸ್ಪ್ಯಾನಿಷ್ ಕಲಿಸುತ್ತಾಳೆ. ಬೆಳಿಗ್ಗೆ ಶಾಲೆಯಲ್ಲಿ, ಸಂಜೆ ಚಪ್ಪಲಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ದೊಡ್ಡವರಿಗೆ. ಅಲ್ಲಿನ ಫ್ಯಾನು ತಿರುಗುವುದಕ್ಕಿಂತ ಗೊಣಗುವುದೇ ಹೆಚ್ಚು. ನಾನು ದಿನಾ ಬೆಳಿಗ್ಗೆ ಫೋನ್ ಮಾಡಿದರೆ ಅವಳದು ಒಂದೇ ಉತ್ತರ: "ಆಮೇಲೆ ಮಾಡೇ, ಇವರಿಗೆ ಬಟ್ಟೆ ಹಾಕ್ತಾ ಇದೀನಿ."

ಇವರು ಎಂದರೆ ನಮ್ಮ ಭಾವ. ಬಸ್ ಓಡಿಸುತ್ತಿದ್ದವರು. ಪಾರ್ಶ್ವವಾಯು ಬಡಿದು ಎಡಭಾಗ ಸೋತಿತು. ಕಾಲು ಹೇಗೋ ದಾರಿಗೆ ಬಂತು, ಕೈ ಮಾತ್ರ ಅರ್ಧಂಬರ್ಧ. "ಅವರೇ ಹಾಕ್ಕೊಳ್ಳಲಿ ಬಿಡಿ. ನೀವೇ ಹಾಕ್ತಾ ಇದ್ರೆ ಆ ಕೈ ಕೆಲಸಾನೇ ಮರೆತುಬಿಡುತ್ತೆ" ಎಂದು ಫಿಸಿಯೋಥೆರಪಿಸ್ಟ್ ಎಚ್ಚರಿಸಿದ್ದರು. ಅಕ್ಕ ತಲೆಯಾಡಿಸಿದಳು. ಆದರೆ ಶಾಲೆಯ ಬಸ್ಸು ಕಾಯುತ್ತದೆಯೇ? ಭಾವ ಒಂದು ಗುಂಡಿಯ ಜೊತೆ ಗುದ್ದಾಡುವಷ್ಟರಲ್ಲಿ ಉಳಿದವನ್ನೆಲ್ಲ ಅವಳೇ ಹಾಕಿ ಮುಗಿಸುತ್ತಿದ್ದಳು. ಬರಬರುತ್ತಾ ಭಾವ ಪ್ರಯತ್ನವನ್ನೇ ಬಿಟ್ಟರು. ಮಂಚದ ಅಂಚಿನಲ್ಲಿ ತೋಳು ಚಾಚಿ ಸುಮ್ಮನೆ ಕೂರತೊಡಗಿದರು. ಬೈಯೋಣವೆಂದರೆ ಅಕ್ಕನ ಕಣ್ಣ ಕೆಳಗಿನ ಕಪ್ಪು ನೋಡಿ ಬಾಯಿ ಬರುತ್ತಿರಲಿಲ್ಲ.

ಸಂಜೆಯ ತರಗತಿಯಲ್ಲಿ ಇವಳೇ ಬೇರೆ. ಬಟ್ಟೆ ಪಾಠದ ದಿನ ಚೀಲದ ತುಂಬ ಹಳೆಯ ಬಟ್ಟೆ ಒಯ್ಯುತ್ತಾಳೆ. ಒಬ್ಬೊಬ್ಬರೂ ಒಂದೊಂದನ್ನು ತೊಟ್ಟುಕೊಳ್ಳುತ್ತಾ "ಮೆ ಪೊಂಗೊ ಲಾ ಕಮಿಸಾ" ಎನ್ನಬೇಕು. ನಾನು ಅಂಗಿ ಹಾಕಿಕೊಳ್ಳುತ್ತೇನೆ ಎಂದರ್ಥ. ಯಾರಾದರೂ 'ನನಗೆ' ಎನ್ನುವ ಆ 'ಮೆ' ನುಂಗಿದರೆ, "ಯಾರಿಗೆ ಹಾಕಿದ್ರಿ, ಪಕ್ಕದವರಿಗಾ?" ಎಂದು ಕೇಳುತ್ತಾಳೆ. ಆದರೆ ಯಾರು ತಡವರಿಸಿದರೂ ಹೇಳಿಕೊಡುವುದಿಲ್ಲ. ಕೈ ಹಿಂದೆ ಕಟ್ಟಿಕೊಂಡು ನಿಂತುಬಿಡುತ್ತಾಳೆ. ಬೇರೆಯವರೂ ಬಾಯಿ ಹಾಕುವಂತಿಲ್ಲ.

ಮೊನ್ನೆ ಆಸ್ಪತ್ರೆಯಲ್ಲಿ ತಡವಾಗಿ, ಭಾವನನ್ನೂ ಕರೆದುಕೊಂಡು ನೇರ ತರಗತಿಗೇ ಹೋದೆವು. ನಾನೂ ಭಾವನೂ ಹಿಂದಿನ ಬೆಂಚಿನಲ್ಲಿ ಕೂತೆವು. ಅಂದು ಬಟ್ಟೆ ಪಾಠವಿತ್ತು. ಚೀಲದಲ್ಲಿ ಕೊನೆಗೆ ಉಳಿದದ್ದು ಭಾವನದೇ ಹಳೆಯ ಕೋಟು. ಔಷಧಿ ಅಂಗಡಿಯಾತನೊಬ್ಬ ಅಲ್ಲಿನ ವಿದ್ಯಾರ್ಥಿ. ಭಾವ ಹೊಸದಾಗಿ ಸೇರಿದವರೆಂದುಕೊಂಡು ಕೋಟನ್ನು ಅವರ ತೊಡೆಯ ಮೇಲಿಟ್ಟ. "ನಿಮ್ಮ ಸರದಿ ಸಾರ್."

ಅಕ್ಕ ದಡಬಡ ಓಡಿಬಂದಳು.

"ಮೇಡಂ, ಕೈ ಹಿಂದೆ" ಎಂದ ಆತ. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಕೈ ಹಿಂದೆ ಕಟ್ಟಿದಳು.

ಭಾವ ಮೊದಲು ಸೋತ ಕೈಯನ್ನು ಕೋಟಿನ ತೋಳಿಗೆ ತೂರಿಸಿದರು. ಸಿಕ್ಕಿಕೊಂಡಿತು. ಬಲಗೈಯಿಂದ ಎಳೆದರು. ಕಾಲರು ಒಳಕ್ಕೆ ಮಡಚಿಕೊಂಡಿತು. ಅಷ್ಟರಲ್ಲಿ ನಗು ನಿಂತಿತ್ತು, ಫ್ಯಾನಿನ ಗೊಣಗಾಟವಷ್ಟೇ. ಅಕ್ಕನ ಬೆರಳುಗಳು ಬೆನ್ನ ಹಿಂದೆ ಒಂದನ್ನೊಂದು ಹಿಸುಕುತ್ತಿದ್ದವು. ಕೊನೆಗೂ ಕೋಟು ಹೆಗಲೇರಿತು.

"ಮೆ ಪೊಂಗೊ" ಎಂದರು ಭಾವ, ಬೆವರೊರೆಸುತ್ತಾ. "ಕೋಟಿಗೆ ಅವರು ಏನಂತಾರೋ ಗೊತ್ತಿಲ್ಲ."

"ಅಬ್ರಿಗೊ" ಎನ್ನುತ್ತಾ ಅಕ್ಕ ಅವರ ಪಕ್ಕದಲ್ಲೇ ಕುಸಿದು ಕೂತಳು. "ಆಗುತ್ತಲ್ಲ ನಿಮಗೆ. ಮನೇಲಿ ಯಾಕೆ ಹಾಕ್ಕೊಳ್ಳಲ್ಲ?"

"ನೀನು ಬಿಟ್ರೆ ತಾನೆ."

ಭಾವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅಕ್ಕ ತಿರುಗಿ ಏನಾದರೂ ಅನ್ನುತ್ತಿದ್ದಳು.

ಮರುದಿನ ಬೆಳಿಗ್ಗೆ ಫೋನ್ ಮಾಡಿದೆ.

"ಬಸ್ಸು ತಪ್ಪಿಹೋಯ್ತು ಕಣೇ" ಎಂದಳು, ದಣಿದ ಅದೇ ದನಿಯಲ್ಲಿ.

"ಯಾಕೆ?"

"ಇವರು ಬಟ್ಟೆ ಹಾಕ್ಕೋತಾ ಇದಾರೆ. ಇನ್ನೂ ಎರಡನೇ ಗುಂಡಿ."

ದೊಡ್ಡದಾಗಿ ಆಕಳಿಸಿದಳು. ಆಮೇಲೆ ಮಾಡು ಅನ್ನಲಿಲ್ಲ. ನಾನೂ ಫೋನ್ ಹಿಡಿದೇ ಕಾದೆ.