ನೀರಿನ ಮೇಲೆ ಹಾಕಿದ ತಪ್ಪು

ಸೂಜಿ ಚುಚ್ಚಿದಷ್ಟೇ ಜಾಗ. ಹತ್ತಿ ಒತ್ತಿ ಹಿಡಿದರೂ ಆ ಕೋಳಿಯ ರೆಕ್ಕೆಯಡಿ ರಕ್ತ ನಿಲ್ಲಲಿಲ್ಲ. ಯಾಕೆಂದು ನನಗೆ ಗೊತ್ತಿತ್ತು. ಆದರೂ ಮಂಜುಳಾ, ನಿಮ್ಮೆದುರೇ ನಿಂತು ಸುಳ್ಳು ಹೇಳಿದೆ.

ಆಗ ನಾನು ತುಮಕೂರಿನ ಸತ್ಯಮಂಗಲದಲ್ಲಿ, ಕೋಳಿ ಫೀಡ್ ತಯಾರಿಸುವ ಕಾರ್ಖಾನೆಯೊಂದರ ಲ್ಯಾಬಿನಲ್ಲಿದ್ದೆ. ಬಂದ ಮೆಕ್ಕೆಜೋಳದಲ್ಲಿ ಬೂಷ್ಟಿನ ವಿಷವಿದೆಯೇ ಎಂದು ನೋಡುವುದು ನನ್ನ ಕೆಲಸ. ಲೋಡಿನ ತಳದ ಚೀಲಗಳಿಂದಲೂ ಕಾಳು ತೆಗೆಯಬೇಕು. ಒಂದು ದಿನ ಲೋಡು ಬಂದಾಗ ಹಮಾಲರು ಊಟಕ್ಕೆ ಹೊರಟಿದ್ದರು. "ಎಲ್ಲಾ ಒಂದೇ ಜೋಳ ಕಣ್ರೀ ಮೇಡಂ, ಮೇಲಿಂದೇ ತಗಳಿ," ಎಂದು ಒಬ್ಬ ನಕ್ಕ. ಚೀಲ ಇಳಿಸಿಕೊಡಿ ಎನ್ನಲು ಸಂಕೋಚ—ಮೇಲಿನಿಂದಲೇ ತೆಗೆದು, ತಳದ್ದನ್ನೂ ನೋಡಿದ್ದೇನೆಂದು ಸಹಿ ಹಾಕಿದೆ.

ತಿಂಗಳೊಳಗೆ, ಆ ಜೋಳದ ಫೀಡ್ ಹೋಗಿದ್ದ ಚೇಳೂರಿನ ಬಳಿಯ ನಿಮ್ಮ ಕೋಳಿ ಶೆಡ್ಡಿನಿಂದ ದೂರು ಬಂತು. ರಕ್ತದ ಮಾದರಿ ತರಲು ನನ್ನನ್ನೇ ಕಳಿಸಿದರು. ಕೋಳಿಗಳ ಜುಟ್ಟು ಬಿಳಿಚಿತ್ತು. ಸತ್ತವುಗಳ ಚರ್ಮದಡಿ ರಕ್ತ ಹರಡಿ ಕಪ್ಪಾಗಿತ್ತು. ಬೂಷ್ಟಿನ ವಿಷ ಯಕೃತ್ತನ್ನು ಕೆಡಿಸಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ, ಹೊಸ ರಕ್ತವೂ ಸರಿಯಾಗಿ ಹುಟ್ಟುವುದಿಲ್ಲ—ಇದನ್ನೆಲ್ಲ ಓದಿ ಪರೀಕ್ಷೆ ಬರೆದವಳು ನಾನು. ನಮ್ಮ ಫೀಡ್ ಚೀಲದ ಬಾಯಿ ಬಿಚ್ಚಿದರೆ ಮುಗ್ಗಲು ವಾಸನೆ.

ಅಷ್ಟರಲ್ಲಿ ನಿಮ್ಮ ಅತ್ತೆ ಅಕ್ಕಪಕ್ಕದವರ ಮುಂದೆಯೇ ಶುರುಮಾಡಿದರು: "ಫೋನ್ ಒರ್ಸಕ್ಕೆ ಟೇಮೈತೆ, ನೀರಿನ್ ತೊಟ್ಟಿ ತೊಳ್ಯಕ್ಕಿಲ್ಲ ಇವ್ಳಿಗೆ! ನೀನೇ ಹೇಳವ್ವ, ಓದ್ದೋಳು—ನೀರಿಂದಾನೇ ಅಲ್ವಾ?"

ನೀವು ನನ್ನನ್ನೇ ನೋಡುತ್ತಿದ್ದಿರಿ.

"ನೀರಿಂದಾನೂ ಇರ್ಬೋದು," ಎಂದೆ.

ಇರ್ಬೋದು—ಆ ಒಂದು ಪದದ ಹಿಂದೆ ಅಡಗಿಕೊಂಡು... ಲ್ಯಾಬಿಗೆ ಮರಳಿ, ನಿಮ್ಮ ಚೀಲದಿಂದ ತಂದಿದ್ದ ಫೀಡ್ ಪರೀಕ್ಷಿಸಿದೆ. ವಿಷ ಮಿತಿ ಮೀರಿತ್ತು. ಫಲಿತಾಂಶದ ಚೀಟಿ ಹರಿದೆ. ಉಳಿದ ಚೀಲಗಳು ಇನ್ನೆಷ್ಟು ಶೆಡ್ಡು ಸೇರಿದವೋ—ಕೇಳಲೂ ಇಲ್ಲ.

ಮೂರು ವರ್ಷವಾಯಿತು. ಕಳೆದ ವಾರ ಕುಣಿಗಲ್ ಬಸ್ ನಿಲ್ದಾಣದಲ್ಲಿ ನೀವೇ ಗುರುತು ಹಿಡಿದು ಮಾತಾಡಿಸಿದಿರಿ. ನೀವು ಶುರುಮಾಡಿದ ಶೆಡ್ಡಿನೊಳಗೆ ಆಮೇಲೆ ಅತ್ತೆ ನಿಮ್ಮನ್ನು ಕಾಲಿಡಲು ಬಿಡಲಿಲ್ಲವಂತೆ. ಈಗ ಗಾರ್ಮೆಂಟ್ಸ್‌ಗೆ ಹೋಗುತ್ತೀರಂತೆ.

"ನನ್ ಕೈಗುಣಾನೇ ಸರಿಗಿಲ್ಲ ಬುಡಿ ಮೇಡಂ. ಈಗ ಒಂದ್ ಕೋಳೀನೂ ಮುಟ್ಟಲ್ಲ," ಎಂದು ನಕ್ಕಿರಿ.

ನೀವು ಅದನ್ನು ನಂಬಿಬಿಟ್ಟಿದ್ದಿರಿ. ಆಗಲೂ ನಿಜ ಹೇಳದೆ, ಬಸ್ ಎಷ್ಟೊತ್ತಿಗೆ ಎಂದು ಕೇಳಿದೆ. ನಿಮ್ಮ ಬಸ್ ಬಂತು.

ಮರುದಿನ ಬೆಳಿಗ್ಗೆ ಗುಬ್ಬಿಗೆ ಹೋಗಿ ಚೇಳೂರಿನ ಬಸ್ ಹತ್ತಿದೆ. ನಿಮ್ಮ ಅತ್ತೆ ಒಳಗೆ ಕರೆದರೂ ಹೋಗದೆ, ಅಂಗಳದಲ್ಲೇ ನಿಂತು, ಪಕ್ಕದ ಮನೆಯವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ: "ಕೋಳಿ ಸತ್ತಿದ್ದು ನೀರಿಂದಲ್ಲ. ನಾನು ನೋಡದೆ ಸೈನ್ ಹಾಕಿದ ಫೀಡಿಂದ."